ಬಾಗದ ತಲೆಗೊಂದು ಶಿರಸ್ತ್ರಾಣ

ಪೆಟ್ಟಿಗೆ ಬಂದದ್ದು ಬೆಳಿಗ್ಗೆ ಹತ್ತೂವರೆಗೆ, ನಾಟಕ ಇದ್ದದ್ದು ಸಂಜೆ ಆರಕ್ಕೆ. ಈ ಎರಡರ ನಡುವೆ ಒಂದು ತಲೆಗೆ ಏನೇನು ಆಗಬಹುದೋ ಅಷ್ಟೂ ರವಾನೆ ಗುಮಾಸ್ತನ ತಲೆಗೆ ಆಯಿತು.

ಶಿರಸ್ತ್ರಾಣ ತರಿಸಿದರೆ ಶಿರಸ್ತ್ರಾಣವೇ ಬರುತ್ತದೆ, ಎತ್ತಿ ತಲೆಗಿಟ್ಟುಕೊಂಡರೆ ಮುಗಿಯಿತು ಎಂದುಕೊಂಡಿದ್ದ ಅವನು. ಪೆಟ್ಟಿಗೆ ಬಿಚ್ಚಿದರೆ ಒಂದರೊಳಗೊಂದು ಕೂತ ತೆಳು ಪ್ಲಾಸ್ಟಿಕ್ಕಿನ ಏಳೆಂಟು ಚಿಪ್ಪುಗಳು. ಬಣ್ಣ ಮಾತ್ರ ಉಕ್ಕಿನದು. ಪ್ರತಿಯೊಂದರ ಸುತ್ತಲೂ ಕತ್ತರಿಸಿ ತೆಗೆಯಬೇಕಾದ ಬೇಡದ ಅಂಚು, ಹಳೆಯ ಲಂಗದ ನೆರಿಗೆಯ ಹಾಗೆ ಜೋತುಬಿದ್ದಿತ್ತು. ಜೊತೆಗೆ ಒಂದು ಪೊಟ್ಟಣ ತಿರುಪು, ಬೆರಳುದ್ದದ ಎರಡು ಕಡ್ಡಿ, ಒಂದು ಹಾಳೆ. ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ, ಬರೀ ಚಿತ್ರ. ಮೊದಲ ಚಿತ್ರದಲ್ಲಿ ಒಬ್ಬ ಮನುಷ್ಯ ಕತ್ತರಿ ಹಿಡಿದು ನಗುತ್ತಿದ್ದ. ಒಂಬತ್ತನೆಯ ಚಿತ್ರದಲ್ಲಿ ಶಿರಸ್ತ್ರಾಣ ಹಾಕಿಕೊಂಡು ಇನ್ನೂ ನಗುತ್ತಿದ್ದ. ನೋಡಿದ ಕೂಡಲೇ ಗುಮಾಸ್ತನಿಗೆ ಅವನ ಮೇಲೆ ಸಿಟ್ಟು ಬಂತು.

"ಇದೇನ್ರೀ, ಯುದ್ಧಕ್ಕೆ ಕರೆದವರು ತಟ್ಟೆ ಲೋಟ ಕಳಿಸಿದ್ದಾರಲ್ಲ?" ಎಂದಳು ಹೆಂಡತಿ.

"ಜೋಡಿಸ್ಕೋಬೇಕಂತೆ."

"ನೀವಾ? ಮೊನ್ನೆ ಗೋಡೆ ಗಡಿಯಾರಕ್ಕೆ ಮೊಳೆ ಹೊಡೆಯೋಕೆ ಹೋಗಿ ಪಕ್ಕದ ಮನೆಯವರ ಕನ್ನಡಿ ಬೀಳಿಸಿದ್ರಲ್ಲ, ಅದೇ ನೀವಾ?"

ಗುಮಾಸ್ತ ಹಲ್ಲು ಕಡಿದು ತಿರುಪಿನ ಪೊಟ್ಟಣ ಬಿಚ್ಚಿದ. ಅವನ ಸಿಟ್ಟಿನ ರೀತಿಯೇ ಅದು. ಬಾಯಿಗೆ ಬರುವ ಬದಲು ಹೊಟ್ಟೆಗೆ ಇಳಿಯುತ್ತಿತ್ತು. ಹನ್ನೆರಡು ವರ್ಷದಿಂದ ಹಾಗೆ ಇಳಿಯುತ್ತಲೇ ಇತ್ತು. ಇಳಿಸಿದವರು ಮುಖ್ಯವಾಗಿ ಒಬ್ಬರೇ: ಅವನ ವಿಭಾಗದ ಮೇಲಧಿಕಾರಿ. ಅವರಿಗೆ ಹೆತ್ತವರು ಇಟ್ಟ ಹೆಸರು ಏನೋ ಇತ್ತು. ಕಚೇರಿಯವರೆಲ್ಲ ಕರೆಯುತ್ತಿದ್ದದ್ದು 'ಇನ್ನೊಂದ್ಸಲ ಸಾಹೇಬರು' ಎಂದೇ. ಯಾವ ಕಾಗದ ಇಟ್ಟರೂ ಓದುವ ಮೊದಲೇ ಕೆಂಪು ಪೆನ್ಸಿಲು ಎತ್ತಿ, "ಮಾರ್ಜಿನ್ ಕಮ್ಮಿಯಾಯ್ತು, ಇನ್ನೊಂದ್ಸಲ" ಎನ್ನುವರು. ಮಾರ್ಜಿನ್ ಹೆಚ್ಚು ಬಿಟ್ಟು ತಂದರೆ, "ಕಾಗದ ದಂಡ, ಇನ್ನೊಂದ್ಸಲ." ಒಮ್ಮೆ ಒಂದು ಪತ್ರವನ್ನು ಹದಿನೇಳು ಸಲ ಬರೆಸಿ, ಕೊನೆಗೆ ಮೊದಲನೆಯದಕ್ಕೇ ಸಹಿ ಹಾಕಿದ್ದರು. ಅವರು ನಗುವುದನ್ನು ಯಾರೂ ಕಂಡಿರಲಿಲ್ಲ. ಪ್ರತಿ ಶನಿವಾರ ಪ್ರಧಾನ ಕಚೇರಿಯಿಂದ ಅವರ ಹೆಸರಿಗೆ ಒಂದು ದಪ್ಪ ಹಳದಿ ಲಕೋಟೆ ಬರುತ್ತಿತ್ತು. ಅದನ್ನು ಒಯ್ದು ಕೊಡುವುದು ಗುಮಾಸ್ತನದೇ ಕೆಲಸ. ಲಕೋಟೆ ಕೈಗೆ ಬಂದ ಕೂಡಲೇ ಸಾಹೇಬರು ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಹೊರಗೆ ಬರುತ್ತಿರಲಿಲ್ಲ. ಬಂದಮೇಲೆ ಸಿಕ್ಕಸಿಕ್ಕವರಿಗೆಲ್ಲ ಇನ್ನೊಂದ್ಸಲ.

ಇಂಥವರು ಕಚೇರಿಯ ವಾರ್ಷಿಕೋತ್ಸವಕ್ಕೆಂದು ಒಂದು ನಾಟಕ ಬರೆದರು. ಬರೆದವರು ಅವರೇ, ಆಡಿಸುವವರು ಅವರೇ, ರಾಜನ ಪಾತ್ರವೂ ಅವರದೇ. ಗುಮಾಸ್ತನಿಗೆ ಸೇನಾಪತಿಯ ಪಾತ್ರ ಸಿಕ್ಕಿತು. ಮಾತು ಒಂದೇ ಒಂದು. ಆದರೆ ಆ ಮಾತು ಕೇಳಿ! ಕೊನೆಯ ದೃಶ್ಯದಲ್ಲಿ ಸೇನಾಪತಿ ರಾಜನ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, "ಸಾಕು ಪ್ರಭು, ಸಾಕು! ಹನ್ನೆರಡು ವರ್ಷ ತಮಗೆ ಬಾಗಿದ ಈ ತಲೆ ಇನ್ನು ಬಾಗದು!" ಎಂದು ಶಿರಸ್ತ್ರಾಣ ಕಿತ್ತು ರಾಜನ ಕಾಲ ಬುಡಕ್ಕೆ ಎಸೆಯಬೇಕು.

ಹನ್ನೆರಡು ವರ್ಷ! ಸಾಹೇಬರು ಲೆಕ್ಕವಿಟ್ಟು ಬರೆದದ್ದಲ್ಲ, ತಾನಾಗಿ ಬಂದದ್ದು. ಗುಮಾಸ್ತ ಆ ಸಾಲನ್ನು ಮತ್ತೆ ಮತ್ತೆ ಓದಿದ್ದ. ಹೊಟ್ಟೆಯಲ್ಲಿದ್ದದ್ದನ್ನು ಮುನ್ನೂರು ಜನರ ಮುಂದೆ, ಸಾಹೇಬರ ಮುಖಕ್ಕೇ, ಅದೂ ಸಾಹೇಬರ ಅಪ್ಪಣೆಯ ಮೇಲೆಯೇ ಹೇಳುವ ಭಾಗ್ಯ! ತಾಲೀಮಿನಲ್ಲಿ ಮಾತ್ರ ಸಾಹೇಬರು ಮೂವತ್ತಮೂರು ಸಲ ಹೇಳಿಸಿದರು. "ಕೋಪ ಸಾಲದು. ಇನ್ನೊಂದ್ಸಲ." ಕೊನೆಗೆ ತಾವೇ ಎದ್ದು ಹೇಳಿ ತೋರಿಸಿದರು. ಎಂಥ ಆರ್ಭಟ! ಶಿರಸ್ತ್ರಾಣದ ಬದಲು ಕಸದ ಬುಟ್ಟಿ ಎತ್ತಿ ಎಸೆದರು, ಬುಟ್ಟಿ ಸೀಳಿಹೋಯಿತು. ಯಾರನ್ನು ನೆನೆಸಿಕೊಂಡು ಎಸೆದರೋ ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು.

ಹನ್ನೊಂದಕ್ಕೆ ಅವರ ಫೋನೂ ಬಂತು. "ಪೆಟ್ಟಿಗೆ ಬಂತಾ? ಜೋಡಿಸಿ ತನ್ನಿ. ಶಿರಸ್ತ್ರಾಣ ಇಲ್ಲದಿದ್ರೆ ಆ ದೃಶ್ಯಾನೇ ತೆಗೆದ್ಹಾಕ್ತೀನಿ. ಸರಿ ಬರದಿದ್ರೆ..."

"ಇನ್ನೊಂದ್ಸಲ ಮಾಡ್ತೀನಿ ಸಾರ್," ಎಂದ ಗುಮಾಸ್ತ.

ಫೋನು ಇಟ್ಟಮೇಲೆ ಹೆಂಡತಿ ಸೊಂಟಕ್ಕೆ ಕೈಯಿಟ್ಟುಕೊಂಡಳು. "ನೋಡ್ರೀ, ಹನ್ನೆರಡು ವರ್ಷದಿಂದ ನಿಮ್ಮ ಸಾಹೇಬ್ರಿಗೆ ಹೇಳಬೇಕಾದ್ದನ್ನೆಲ್ಲ ದಿನಾ ಸಂಜೆ ನನಗೆ ಹೇಳ್ತಾ ಬಂದಿದ್ದೀರಿ. ನನ್ನ ಕಿವೀಲಿ ಇನ್ನು ಜಾಗ ಇಲ್ಲ. ಇವತ್ತು ಅಲ್ಲೇ ಹೇಳಿ ಬನ್ನಿ. ಹೇಳದೆ ಬಂದ್ರೆ ಬಾಗಿಲು ತೆಗೆಯಲ್ಲ."

ಗುಮಾಸ್ತ ಅವಳ ಬಟ್ಟೆ ಕತ್ತರಿಸುವ ಕತ್ತರಿ ಎತ್ತಿಕೊಂಡ. ಅವಳು ನೋಡುವಷ್ಟರಲ್ಲಿ ನೆತ್ತಿ ಮುಚ್ಚುವ ಜೋಡಿ ಬುರುಡೆಗಳಲ್ಲಿ ಎಡಗಡೆಯದರ ಅಂಚಿಗೆ ಹಾಕಿಯೂ ಆಗಿತ್ತು. ಪ್ಲಾಸ್ಟಿಕ್ಕು ಬಟ್ಟೆಯಲ್ಲ. ಕತ್ತರಿ ಮೂರು ಬೆರಳು ನೆಟ್ಟಗೆ ಹೋಗಿ, ನಾಲ್ಕನೆಯ ಬೆರಳಿಗೆ ಹಟ ಹಿಡಿದು, ಒತ್ತಿದ್ದಕ್ಕೆ ಕರಕ್ಕನೆ ಗೆರೆ ದಾಟಿ ಒಳಗೆ ನುಗ್ಗಿತು. ಹಾಳೆಯ ಮನುಷ್ಯ ನಗುತ್ತಲೇ ಇದ್ದ. ಗುಮಾಸ್ತ ಅವನನ್ನು ಬೋರಲು ಹಾಕಿದ.

ಅಷ್ಟರಲ್ಲಿ ಕೆಳಗಿನ ಅಂಗಡಿಯ ದರ್ಜಿ ಮೇಲೆ ಬಂದ. ಯಾರೂ ಕೇಳದೆ ಸಲಹೆ ಕೊಡುವುದರಲ್ಲಿ ಆ ಕಟ್ಟಡದಲ್ಲೇ ಅವನನ್ನು ಮೀರಿಸಿದವರಿಲ್ಲ.

"ಅಯ್ಯಯ್ಯೋ, ಅಳತೆ ತಗೊಳ್ದೆ ಕತ್ತರಿ ಹಾಕಿದ್ರಾ? ಎಂಥಾ ಜನ ನೀವು!" ಎಂದವನೇ ಕೊರಳಲ್ಲಿದ್ದ ಟೇಪು ತೆಗೆದು ಗುಮಾಸ್ತನ ತಲೆಗೆ ಸುತ್ತಿದ. "ಇಪ್ಪತ್ತಮೂರೂವರೆ. ಸಡಿಲಕ್ಕೆ ಒಂದು. ಹೊಲಿಗೆಗೆ ಒಳಗೆ ಹೋಗೋದು ಅರ್ಧ. ಮೊದಲ ಒಗೆತಕ್ಕೆ ಕುಗ್ಗೋದು ಅರ್ಧ."

"ಇದನ್ನ ಯಾರಣ್ಣ ಒಗೀತಾರೆ?"

"ಬೆವರ್ತೀರಲ್ಲ ಸ್ವಾಮಿ? ಒಗೀಲೇಬೇಕು." ಬಲಗಡೆಯ ಬುರುಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ತನ್ನ ದೊಡ್ಡ ಕತ್ತರಿಯಲ್ಲಿ ತಾನೇ ಸರಸರ ಕತ್ತರಿಸಿಕೊಟ್ಟ.

ಎರಡನ್ನೂ ಜೋಡಿಸಿ ಹಿಡಿದರೆ ಒಂದು ಕಡೆ ಸಣ್ಣ, ಇನ್ನೊಂದು ಕಡೆ ದೊಡ್ಡ. ಹಲ್ಲುನೋವಿನಿಂದ ಒಂದು ಕೆನ್ನೆ ಊದಿದ ಸೇನಾಪತಿ.

"ಬಲಗಡೆ ಸ್ವಲ್ಪ ತೆಗೀರಿ," ಎಂದಳು ಹೆಂಡತಿ. ತೆಗೆದ. "ಈಗ ಎಡಗಡೆ ಜಾಸ್ತಿ ಕಾಣುತ್ತೆ," ಎಂದ ದರ್ಜಿ. ಅದನ್ನೂ ತೆಗೆದ. "ಹಣೆ ಹತ್ರ," ಎಂದಳು ಅವಳು. "ಕಿವಿ ಹತ್ರ," ಎಂದ ಇವನು. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಗಾದರೂ ಬೆಣ್ಣೆ ಹೊಟ್ಟೆಗೆ ಹೋಯಿತು. ಗುಮಾಸ್ತನ ಹೊಟ್ಟೆಗೆ ಹೋದದ್ದು ಸಿಟ್ಟು ಮಾತ್ರ. ಒಂದು ಗಂಟೆಯ ಹೊತ್ತಿಗೆ ನೆಲದ ತುಂಬ ಉಕ್ಕಿನ ಬಣ್ಣದ ಸುರುಳಿಗಳು. ಎರಡು ಬುರುಡೆಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿದ್ದವು. ತಿರುಪು ಹಾಕಿ ಬಿಗಿದು ತಲೆಗಿಟ್ಟರೆ, ಕುಂಬಳಕಾಯಿಯ ಮೇಲೆ ಲೋಟ ಬೋರಲು ಹಾಕಿದ ಹಾಗೆ ನೆತ್ತಿಯ ಮೇಲೆ ಕೂತಿತು.

"ತಲೆ ದೊಡ್ಡದಾಯ್ತು," ಎಂದ ದರ್ಜಿ.

"ತಲೆ ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇದೆ!" ಗುಮಾಸ್ತ ಕೂಗಿದ. ಆ ದಿನ ಅವನ ಸಿಟ್ಟು ಮೊದಲ ಸಲ ಬಾಯಿಗೆ ಬಂದದ್ದು ಆಗ. ಹೆಂಡತಿ ಹುಬ್ಬೇರಿಸಿದಳು. "ಹಾಂ, ಹೀಗೇ. ಇದನ್ನ ಆರು ಗಂಟೇವರೆಗೂ ಆರದ ಹಾಗೆ ನೋಡ್ಕೊಳ್ಳಿ."

ಕಟ್ಟಡದ ಹಿಂದೆ ಬಡಗಿಯಜ್ಜನ ಕೆಲಸದ ಮನೆ. ಗುಮಾಸ್ತ ಚಿಪ್ಪುಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಅಲ್ಲಿಗೆ ಓಡಿದ. ದರ್ಜಿ ಅಂಗಡಿ ಬಾಗಿಲು ಎಳೆದು ಹಿಂದೆಯೇ ಬಂದ. ಅಜ್ಜನಿಗೆ ಎಪ್ಪತ್ತಾಗಿದ್ದರೂ ಕೈ ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ಅವನು ಕೂರಿಸಿದ ಬಾಗಿಲು ಅಲ್ಲಾಡಿದ್ದು ಇಲ್ಲವೇ ಇಲ್ಲ. ಗುಮಾಸ್ತನ ಮನೆಯ ಬಚ್ಚಲ ಬಾಗಿಲೂ ಅವನದೇ ಕೆಲಸ. ಎರಡು ವರ್ಷದಿಂದ ಅದು ತೆಗೆಯಲು ಬರುತ್ತಿರಲಿಲ್ಲ, ಮನೆಯವರು ಕಿಟಕಿಯ ಪಕ್ಕದ ಸಣ್ಣ ಬಾಗಿಲಿಂದ ಓಡಾಡುತ್ತಿದ್ದರು. ಈ ಒಂದು ಸಂಗತಿ ಗುಮಾಸ್ತನಿಗೆ ಆಗ ನೆನಪಾಗಬೇಕಿತ್ತು.

ಅಜ್ಜ ಬುರುಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ತಮ್ಮಾ, ಉದ್ದ ಇದ್ದದ್ದನ್ನ ಕುಯ್ದು ಗಿಡ್ಡ ಮಾಡಬಹುದು. ಗಿಡ್ಡ ಆದದ್ದನ್ನ ಉದ್ದ ಮಾಡೋ ಗರಗಸ ಇನ್ನೂ ಹುಟ್ಟಿಲ್ಲ."

"ಹಾಗಾದ್ರೆ ಏನ್ಮಾಡೋದಜ್ಜ? ಆರಕ್ಕೆ ನಾಟಕ!"

ಉತ್ತರ ಬಂದದ್ದು ಪಕ್ಕದ ಕ್ಷೌರದಂಗಡಿಯಿಂದ. ಅಲ್ಲಿಯವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಡಬ್ಬ ಚಿಕ್ಕದಾದ್ರೆ ಒಳಗಿನ ಸಾಮಾನು ಕಮ್ಮಿ ಮಾಡಬೇಕು ಸಾರ್. ಇಷ್ಟು ಕೂದಲು ಹೊತ್ಕೊಂಡು ಯಾವ ಸೇನಾಪತಿ ಯುದ್ಧಕ್ಕೆ ಹೋಗ್ತಾನೆ? ಬನ್ನಿ, ಸ್ವಲ್ಪ ತೆಳು ಮಾಡ್ತೀನಿ."

ಸ್ವಲ್ಪ ಎಂದದ್ದು ಅವನೇ. ಗುಮಾಸ್ತ ಕುರ್ಚಿಯಲ್ಲಿ ಕೂತ. ಎಡಗಡೆ ತೆಳುವಾಯಿತು. ಅಜ್ಜ ಬುರುಡೆ ತಂದು ಇಟ್ಟು ನೋಡಿದ. "ಎಡಕ್ಕೆ ಇಳೀತು, ಬಲಕ್ಕೆ ಹಿಡೀತಿದೆ." ಬಲಗಡೆಯೂ ತೆಳುವಾಯಿತು. "ಈಗ ಹಿಂದೆ ಎತ್ತರ." ಹಿಂದೆ ಹೋಯಿತು. "ಮುಂದೆ?" ಮುಂದೂ ಹೋಯಿತು. ಬೆಳಿಗ್ಗೆ ತಾನು ಬುರುಡೆಗೆ ಮಾಡಿದ್ದನ್ನು ಈಗ ಇವರು ತನ್ನ ಬುರುಡೆಗೆ ಮಾಡುತ್ತಿದ್ದಾರೆಂದು ಗುಮಾಸ್ತನಿಗೆ ಹೊಳೆಯುವಷ್ಟರಲ್ಲಿ, ಕನ್ನಡಿಯಲ್ಲಿ ಯಾರೋ ಅಪರಿಚಿತನೊಬ್ಬ ಮೊಟ್ಟೆಯಂಥ ತಲೆ ಹೊತ್ತು ಅವನನ್ನು ದುರುಗುಟ್ಟಿ ನೋಡುತ್ತಿದ್ದ.

"ಕೂತಿತು!" ಎಂದು ಅಜ್ಜ ಚಪ್ಪಾಳೆ ತಟ್ಟಿದ. ನಿಜವಾಗಿಯೂ ಕೂತಿತ್ತು. ದರ್ಜಿ ತಾನೇ ಗೆದ್ದವನ ಹಾಗೆ ಗುಮಾಸ್ತನ ಕೈ ಕುಲುಕಿದ.

ಉಳಿದದ್ದು ಕೆನ್ನೆಯ ಎರಡು ಚಿಪ್ಪು, ಮುಖಕ್ಕೆ ಇಳಿಬೀಳುವ ಮುಸುಕು, ಕತ್ತಿನ ಹಿಂದಿನ ಪಟ್ಟಿ. ಕೆನ್ನೆಚಿಪ್ಪು ಸೇರಿಸಿದರೆ ಶಿರಸ್ತ್ರಾಣದ ಬಾಯಿ ಕಿರಿದಾಗಿ ತಲೆ ಒಳಗೆ ಹೋಗುತ್ತಿರಲಿಲ್ಲ. ಹಾಳೆಯ ಆರನೆಯ ಚಿತ್ರದಲ್ಲಿ ನಗುವ ಮನುಷ್ಯ ಆ ಚಿಪ್ಪುಗಳನ್ನು ಕಿಟಕಿಯ ಬಾಗಿಲಿನ ಹಾಗೆ ಅಗಲಿಸಿ ಹಿಡಿದಿದ್ದ. ಆ ಎರಡು ಕಡ್ಡಿ ಇದ್ದದ್ದೇ ಅದಕ್ಕೆ, ಚಿಪ್ಪು ತಿರುಗುವ ಕೀಲಾಗಿ. ಆದರೆ ಹಾಳೆ ಮೇಲಿನ ಮನೆಯಲ್ಲಿ ಬೋರಲು ಬಿದ್ದಿತ್ತು.

"ತಲೆ ಒಳಗಿಟ್ಕೊಂಡೇ ಜೋಡಿಸಿದ್ರಾಯ್ತು," ಎಂದ ಅಜ್ಜ. "ಬಾಗಿಲನ್ನ ಚೌಕಟ್ಟಲ್ಲೇ ನಿಲ್ಲಿಸಿ ಕೂರಿಸೋದಿಲ್ವೇ? ಹಾಗೆ." ಗುಮಾಸ್ತನನ್ನು ಕೆಲಸದ ಹಲಗೆಯ ಮೇಲೆ ಕೂರಿಸಿ, ಕೆನ್ನೆಚಿಪ್ಪು ಒತ್ತಿ ಹಿಡಿದು ನೋಡಿದ. ಮುಖ ಗಂಟಿಕ್ಕಿದ. "ಥೂ, ಇಲ್ಲಿ ಆಡುತ್ತೆ. ಯಾವನೋ ಕೆಲಸ ಬರದವನು ಆಡೋ ಹಾಗೆ ಬಿಟ್ಟಿದ್ದಾನೆ. ನನ್ನ ಕೈಯಿಂದ ಹೋದದ್ದು ಆಡಬಾರದು." ಎಂದು ತನ್ನ ಡಬ್ಬಿಯ ಅಂಟು ತೆಗೆದು, ಆಡುವ ಜಾಗಕ್ಕೆಲ್ಲ ಧಾರಾಳವಾಗಿ ತುಂಬಿ, ಮೇಲೆ ನಾಲ್ಕು ತಿರುಪು ಹಾಕಿ, ಅರ್ಧ ಗಂಟೆ ಹಗ್ಗದಲ್ಲಿ ಬಿಗಿದು ಕಟ್ಟಿದ.

ಹಗ್ಗ ಬಿಚ್ಚಿದಾಗ ಮೂವರೂ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಸುಳ್ಳು ಹೇಳಬಾರದು, ಸೊಗಸಾಗಿತ್ತು. ಉಕ್ಕಿನ ಹೊಳಪು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಅಂಚು.

"ಈ ಎರಡು ಕಡ್ಡಿ ಉಳೀತಲ್ಲಜ್ಜ?" ಎಂದ ಕ್ಷೌರದವನು.

"ಉಳಿಯೋದು ಕಳಿಸಿದವರ ತಪ್ಪು. ನಾನು ಹಾಕಿದ ಅಂಟು ಆನೆ ಎಳೆದ್ರೂ ಬಿಡಲ್ಲ."

ದರ್ಜಿ ಗಲ್ಲ ಕೆರೆದುಕೊಂಡ. "ಅಲ್ಲ, ತೆಗೆಯೋದು ಹೇಗೆ?"

ಅಂಟಿನ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ ಅಜ್ಜ ತಲೆಯೆತ್ತಿದ.

"ತೆಗೆಯೋದಾ?" ಎಂದ ಅಜ್ಜ. "ಹಾಕೋದು ಅಂತಲ್ಲವಾ ಹೇಳಿದ್ದು?"

ಪಿತ್ತ ನೆತ್ತಿಗೇರಿತು ಎನ್ನುತ್ತಾರೆ. ಗುಮಾಸ್ತನ ಪಿತ್ತಕ್ಕೆ ಏರಲೂ ಜಾಗವಿರಲಿಲ್ಲ, ನೆತ್ತಿಯ ಮೇಲೆ ಪ್ಲಾಸ್ಟಿಕ್ಕಿತ್ತು. ಅದು ಒಳಗೇ ಸುತ್ತು ಹೊಡೆದು ಕಿವಿಯಲ್ಲಿ ಗುಂಯ್ಗುಟ್ಟಿತು. "ಎಸೀಬೇಕು ಕಣಜ್ಜಾ! ಕಿತ್ತು ಎಸೀಬೇಕು! ಇದನ್ನ ಎಸೆಯೋಕೆ ಅಂತಲೇ ಬೆಳಿಗ್ಗೆಯಿಂದ ಸಾಯ್ತಾ ಇದ್ದೀನಿ!" ಅವನು ಕಿರುಚಿದ. ಹೊರಗೆ ಕೇಳಿದ್ದು ಮಾತ್ರ, ಹಂಡೆಯೊಳಗೆ ಸಿಕ್ಕಿಕೊಂಡ ಜೀರುಂಡೆಯ ಸದ್ದು.

ದರ್ಜಿ ಕಾಲು ಹಿಡಿದ, ಅಜ್ಜ ತಲೆ ಹಿಡಿದ, ಎಳೆದರು. ಕ್ಷೌರದವನು ಅಂಚಿನ ಸುತ್ತ ಸೋಪಿನ ನೊರೆ ಹಚ್ಚಿದ. ನೊರೆ ಕಣ್ಣಿಗೆ ಹೋಯಿತೇ ಹೊರತು ಶಿರಸ್ತ್ರಾಣ ಮಿಸುಕಲಿಲ್ಲ. ಗದ್ದಲ ಕೇಳಿ ಹೆಂಡತಿ ಇಳಿದು ಬಂದಳು, ಒಂದು ಸಲ ಸುತ್ತಿ ಬಂದು ನೋಡಿದಳು.

"ಒಳಗಿರೋದು ನೀವೇ ತಾನೆ?"

"ನಾನೇ ಕಣೇ!"

"ಕೂದಲು ಎಲ್ಲಿ?"

ಆ ಹೊತ್ತಿಗೆ ಸರಿಯಾಗಿ ಅವಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಸಾಹೇಬರು. ಅವಳು ಫೋನನ್ನು ಅವನ ಪ್ಲಾಸ್ಟಿಕ್ ಕೆನ್ನೆಗೆ ಒತ್ತಿ ಹಿಡಿದಳು.

"ಶಿರಸ್ತ್ರಾಣ ಆಯ್ತಾ?"

"ಆಯ್ತು ಸಾರ್."

"ಯಾಕ್ರೀ, ಬಾವಿಯೊಳಗಿಂದ ಮಾತಾಡ್ತಿದ್ದೀರಿ? ಧ್ವನಿ ಸರಿಯಿಲ್ಲ. ಇನ್ನೊಂದ್ಸಲ ಹೇಳಿ."

"ಆ-ಯ್ತು ಸಾರ್!"

ಅಜ್ಜ ಸಣ್ಣ ಗರಗಸ ಎತ್ತಿಕೊಂಡಿದ್ದ. "ಕುಯ್ದುಬಿಡ್ಲಾ?"

ಗುಮಾಸ್ತ ಎರಡೂ ಕೈಯಲ್ಲಿ ಶಿರಸ್ತ್ರಾಣ ಅವುಚಿಕೊಂಡ. ಕುಯ್ದರೆ ಶಿರಸ್ತ್ರಾಣವಿಲ್ಲ. ಶಿರಸ್ತ್ರಾಣವಿಲ್ಲದಿದ್ದರೆ ದೃಶ್ಯವಿಲ್ಲ. ದೃಶ್ಯವಿಲ್ಲದಿದ್ದರೆ ಆ ಒಂದು ಮಾತೂ ಇಲ್ಲ, ಮತ್ತೆ ಹನ್ನೆರಡು ವರ್ಷ ಹೊಟ್ಟೆಗೇ ಇಳಿಸಿಕೊಂಡಿರಬೇಕು. "ಹೀಗೇ ಹೋಗ್ತೀನಿ. ಗರಗಸ ತಗೊಂಡು ನೀವೂ ಬನ್ನಿ. ಮಾತು ಮುಗಿದ ಮೇಲೆ ಕುಯ್ಯಿರಿ. ತಲೆ ಸಮೇತ ಕುಯ್ದರೂ ಚಿಂತೆಯಿಲ್ಲ," ಎಂದ.

ಕಚೇರಿಯ ಗೇಟಿನಲ್ಲಿ ಕಾವಲುಗಾರ ತಡೆದ. "ಗುರುತಿನ ಚೀಟಿ?"

ಗುಮಾಸ್ತ ತೋರಿಸಿದ. ಕಾವಲುಗಾರ ಚೀಟಿ ನೋಡಿದ, ಶಿರಸ್ತ್ರಾಣ ನೋಡಿದ, ಮತ್ತೆ ಚೀಟಿ ನೋಡಿದ. "ಮುಖ ತೋರ್ಸಿ."

ಗುಮಾಸ್ತ ಮುಸುಕು ಎತ್ತಿದ. ಅದು ಟಪ್ಪೆಂದು ತಾನಾಗಿ ಬಿತ್ತು. ಎತ್ತಿದ, ಬಿತ್ತು.

"ಕಣ್ಣು ಹೋಲುತ್ತೆ," ಎಂದ ಕಾವಲುಗಾರ ಅನುಮಾನದಲ್ಲಿ. "ಆದ್ರೆ ಇಷ್ಟು ಕೆಂಪಗಿರ್ಲಿಲ್ಲ. ಚೀಟಿಯಲ್ಲಿರೋರು ನನಗೆ ಗೊತ್ತು, ಪಾಪದವರು. ನೀವು ಹಾಗೆ ಕಾಣಲ್ಲ."

"ಹನ್ನೆರಡು ವರ್ಷದಿಂದ ದಿನಾ ನಿನಗೆ ನಮಸ್ಕಾರ ಹೇಳ್ಕೊಂಡೇ ಒಳಗೆ ಹೋಗ್ತೀನಲ್ಲೋ ಮಾರಾಯಾ!"

"ಹೇಳ್ತಾರೆ. ಆದ್ರೆ ಅವರು ಹೀಗೆ ಕೂಗಲ್ಲ," ಎಂದು ಅವನು ಹತ್ತು ನಿಮಿಷ ನಿಲ್ಲಿಸಿಕೊಂಡ. ಕೊನೆಗೆ ಹೆಂಡತಿ ಮುಂದೆ ಬಂದು, "ಇಂಥಾ ತಲೆಯನ್ನ ಇನ್ಯಾರಾದ್ರೂ ನನ್ನ ಗಂಡ ಅಂತ ಒಪ್ಕೊಂಡು ಕರ್ಕೊಂಡು ಬರ್ತಾರೇನಪ್ಪ?" ಎಂದಮೇಲೆಯೇ ಗೇಟು ತೆರೆದದ್ದು.

ಆರು ಹೊಡೆಯಿತು. ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಪ್ರಧಾನ ಕಚೇರಿಯ ನಿರ್ದೇಶಕರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು, ಕೈಯಲ್ಲಿ ಒಂದು ಪೆನ್ನು. ಸಿಂಹಾಸನದ ಮೇಲೆ ಇನ್ನೊಂದ್ಸಲ ಸಾಹೇಬರು, ದಟ್ಟ ಗಡ್ಡ ಅಂಟಿಸಿಕೊಂಡು ಕಿರೀಟವಿಟ್ಟು, ಕಚೇರಿಯಲ್ಲಿ ಕಾಣುವಂತೆಯೇ ಕಾಣುತ್ತಿದ್ದರು.

ಕೊನೆಯ ದೃಶ್ಯ ಬಂತು. ಗುಮಾಸ್ತ ಧಡಧಡ ನಡೆದು ರಾಜನ ಎದುರು ನಿಂತ. ಮುಸುಕು ಎತ್ತಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ಸಾಕು ಪ್ರಭು, ಸಾಕು! ಹನ್ನೆರಡು ವರ್ಷ ತಮಗೆ ಬಾಗಿದ ಈ ತಲೆ ಇನ್ನು ಬಾಗದು!"

ಬಾಗದು ಎಂದದ್ದು ಅಕ್ಷರಶಃ ಸತ್ಯವಾಗಿತ್ತು. ಕತ್ತಿನ ಪಟ್ಟಿಗೂ ಅಜ್ಜ ಅಂಟು ಹಾಕಿದ್ದ.

ಈಗ ಎಸೆಯಬೇಕು. ಬರುವುದಿಲ್ಲವೆಂದು ಗೊತ್ತಿದ್ದೂ, ಮುನ್ನೂರು ಜನ ಕಾಯುತ್ತಿದ್ದಾರಲ್ಲ ಎಂದು ಗುಮಾಸ್ತ ಎರಡೂ ಕೈಯಲ್ಲಿ ಹಿಡಿದು ಎಳೆದ. ಕುತ್ತಿಗೆ ಒಂದಂಗುಲ ಬೆಳೆದಂತಾಯಿತು, ಶಿರಸ್ತ್ರಾಣ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮತ್ತೆ ಎಳೆದ. ಮುಸುಕು ಟಪ್ಪೆಂದು ಮುಚ್ಚಿತು. ಆ ಕತ್ತಲೆಯೊಳಕ್ಕೆ, ಗಡ್ಡದ ಸಂದಿಯಿಂದ, ಹಲ್ಲು ಕಚ್ಚಿ ಪಿಸುಗುಟ್ಟಿದ ಒಂದು ದನಿ ಬಂತು.

"ಇನ್ನೊಂದ್ಸಲ... ಎಳೀರಿ, ಇನ್ನೊಂದ್ಸಲ!"

ಅಷ್ಟೇ. ಹನ್ನೆರಡು ವರ್ಷದ ಕಟ್ಟೆ ಒಡೆಯಿತು.

"ಇನ್ನೊಂದ್ಸಲವಾ?" ಶಿರಸ್ತ್ರಾಣ ಗುಡುಗಿತು. ಒಳಗೆ ಜೀರುಂಡೆಯಾಗಿದ್ದ ದನಿ ಧ್ವನಿವರ್ಧಕಕ್ಕೆ ಸಿಕ್ಕಿ ಸಭಾಂಗಣದ ಗಾಜು ನಡುಗಿಸಿತು. "ಇನ್ನೆಷ್ಟು ಸಲ? ಹದಿನೇಳು ಸಲ ಬರೆದ ಪತ್ರಕ್ಕೆ ಇನ್ನೊಂದ್ಸಲ! ಅರ್ಧ ಬೆರಳು ಮಾರ್ಜಿನ್‌ಗೆ ಇನ್ನೊಂದ್ಸಲ! ಮೊಹರು ಓರೆಯಾಯ್ತು ಅಂತ ನಾನೂರು ಲಕೋಟೆ ಇನ್ನೊಂದ್ಸಲ! ನನ್ನ ಮಗಳು ಹುಟ್ಟೋ ದಿನ ರಜೆ ಕೇಳಿದ್ರೆ ಅರ್ಜಿ ಮೂರು ಸಲ ಬರೆಸಿದ್ರಿ. ಮೂರನೇದು ಬರೆದು ಮುಗಿಸೋ ಹೊತ್ತಿಗೆ ಅವಳು ಹುಟ್ಟಿ, ಅತ್ತು, ನಿದ್ದೆ ಮಾಡ್ತಿದ್ಲು! ಅವಳ ಮೊದಲ ಅಳು ನಾನು ಕೇಳಲಿಲ್ಲ. ಅದನ್ನ ಇನ್ನೊಂದ್ಸಲ ಕೇಳಿಸ್ತೀರಾ? ಹೇಳಿ! ಒಂದು ಸಲಕ್ಕೆ ಒಂದು ಕೆಲಸ ಸರಿಯಾಗಿದೆ ಅಂತ, ಜನ್ಮದಲ್ಲಿ ಒಂದೇ ಒಂದು ಸಲ ಹೇಳಿದ್ದೀರಾ?"

ಸೇನಾಪತಿ ಉಸಿರಿಗಾಗಿ ನಿಂತ. ಆಮೇಲೆ ಹಿಂದಿನ ಸಾಲಿನಿಂದ ಒಂದು ಚಪ್ಪಾಳೆ. ಹತ್ತು. ಮುನ್ನೂರು. ಕಚೇರಿಯ ಗುಮಾಸ್ತರೆಲ್ಲ ಕುರ್ಚಿ ಹತ್ತಿ ನಿಂತರು. ಸಾಹೇಬರು ಸಿಂಹಾಸನದಲ್ಲಿ ಕಲ್ಲಾಗಿ ಕೂತಿದ್ದರು. ಅವರ ಗಡ್ಡದ ಒಂದು ತುದಿ ಕಳಚಿ ನೇತಾಡುತ್ತಿತ್ತು. ಪರದೆ ಬಿತ್ತು.

ಬಣ್ಣದ ಕೋಣೆಯಲ್ಲಿ ಅಜ್ಜ ಗರಗಸ ಆಡಿಸಿದ. ಕ್ಷೌರದವನು ತಲೆ ಹಿಡಿದುಕೊಂಡ. ಹತ್ತು ನಿಮಿಷಕ್ಕೆ ಶಿರಸ್ತ್ರಾಣ ಎರಡು ಹೋಳಾಗಿ ಬಿತ್ತು. ಹಣೆಯ ಸುತ್ತ ಅಂಟಿನ ಒಂದು ಬಳೆ ಮಾತ್ರ ಉಳಿಯಿತು. ಗುಮಾಸ್ತನಿಗೆ ಹೊಟ್ಟೆ ಹತ್ತಿಯಷ್ಟು ಹಗುರವಾಗಿತ್ತು. ಕೆಲಸ ಹೋದರೂ ಹೋಗಲಿ, ಹೇಳಿದ್ದಾಯಿತು ಎಂದುಕೊಂಡ. ಹೆಂಡತಿ ತನ್ನ ಸೆರಗಿನಿಂದ ಅವನ ಬೋಳುತಲೆಯ ಬೆವರು ಒರೆಸಿದಳು.

ಬಾಗಿಲು ತೆರೆಯಿತು. ಸಾಹೇಬರು. ಕಿರೀಟ ತೆಗೆದಿದ್ದರು, ಕಂಕುಳಲ್ಲಿ ಒಂದು ದಪ್ಪ ಹಳದಿ ಲಕೋಟೆ. ಎಲ್ಲರೂ ಎದ್ದು ನಿಂತರು. ಅವರು ಗುಮಾಸ್ತನ ಎದುರು ಬಂದು ಲಕೋಟೆಯಿಂದ ಒಂದು ಕಾಗದ ಎಳೆದು ಕೊಟ್ಟರು. ಅದು ಸಾಹೇಬರೇ ಬರೆದ ವರದಿ. ಮಾರ್ಜಿನ್ನಿನಲ್ಲಿ ನಿರ್ದೇಶಕರ ಹಸಿರು ಶಾಯಿ: *ಇನ್ನೊಂದು ಸಲ.* ಮುಂದಿನ ಕಾಗದ: *ಇನ್ನೊಂದು ಸಲ.* ಅದರ ಮುಂದಿನದೂ.

"ಹದಿನಾಲ್ಕು ವರ್ಷ," ಎಂದರು ಸಾಹೇಬರು. "ಪ್ರತಿ ಶನಿವಾರ. ನೀವು ಬಂದಮೇಲೆ ನೀವೇ ತಂದು ಕೊಡ್ತಿದ್ರಿ. ಆ ಮಾತು ನಾನು ಬರೆದದ್ದು ಯಾರಿಗೆ ಹೇಳೋಕೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ಒಂದೊಂದು ಮಾತೂ ನನ್ನ ಹೊಟ್ಟೆಯಿಂದ ಕಿತ್ತು ತೆಗೆದ ಹಾಗಿತ್ತು. ನನ್ನ ಮಗನ ಆಪರೇಷನ್ನಿಗೆ ರಜೆ ಕೇಳಿದಾಗ ನನಗೂ ಮೂರು ಸಲ ಬರೆಸಿದ್ರು."

ಗುಮಾಸ್ತನಿಗೆ ತಾನು ಬೈದದ್ದು ಇವರನ್ನೇ ಎಂದು ಹೇಳಬೇಕೆನಿಸಿತು. ಆದರೆ ಬೈಸಿಕೊಂಡವರೇ ಕಣ್ಣಲ್ಲಿ ನೀರು ತಂದುಕೊಂಡು ಕೃತಜ್ಞತೆಯಿಂದ ನಿಂತಿದ್ದರೆ ಯಾರು ತಾನೇ ಏನು ಹೇಳಿಯಾರು?

"ನಿರ್ದೇಶಕರಿಗೂ ತುಂಬಾ ಹಿಡಿಸಿದೆ," ಸಾಹೇಬರು ದನಿ ಸರಿಮಾಡಿಕೊಂಡರು. "ಬರೋ ತಿಂಗಳು ಪ್ರಧಾನ ಕಚೇರೀಲಿ ಇದೇ ನಾಟಕ ಆಡಬೇಕಂತೆ. ರಾಜನ ಪಾತ್ರ ತಾವೇ ಮಾಡ್ತಾರಂತೆ. ಸೇನಾಪತಿ..." ಅವರ ಕಣ್ಣು ಹೊಳೆಯಿತು. "ಸೇನಾಪತಿ ನಾನು."

"ಮತ್ತೆ ನಾನು, ಸಾರ್?"

"ನೀವು ಬಾಗಿಲ ಭಟ. ಈಟಿ ಹಿಡ್ಕೊಂಡು ನಿಂತ್ರೆ ಸಾಕು, ಮಾತಿಲ್ಲ. ಆದ್ರೆ ಇವತ್ತು ಹೇಳಿದ್ದೆಲ್ಲ ಒಂದಕ್ಷರ ಬಿಡದೆ ನನಗೆ ಬರೆದುಕೊಡಬೇಕು. ಬಾಯಿಪಾಠ ಮಾಡ್ಕೋತೀನಿ. ಮಗಳು ಅನ್ನೋ ಕಡೆ ಮಗ ಅಂತ ಮಾಡಿ." ಅವರು ಬಗ್ಗಿ ನೆಲದ ಮೇಲಿನ ಎರಡು ಹೋಳು ನೋಡಿದರು. "ಇದೊಂದು... ನನ್ನ ತಲೆ ಅಳತೆಗೆ ಇನ್ನೊಂದ್ಸಲ ಮಾಡಿಬಿಡಿ."

ಗುಮಾಸ್ತ ಸಿಟ್ಟಿಗಾಗಿ ಹೊಟ್ಟೆಯೊಳಗೆಲ್ಲ ತಡಕಾಡಿದ. ಕೈಗೆ ಏನೂ ಸಿಗಲಿಲ್ಲ. ಇದ್ದದ್ದನ್ನೆಲ್ಲ ಅರ್ಧ ಗಂಟೆಯ ಹಿಂದೆ ಖರ್ಚು ಮಾಡಿ ಮುಗಿಸಿದ್ದ.

"ಆಗ್ಲಿ ಸಾರ್," ಎಂದ.

ದರ್ಜಿ ಆಗಲೇ ಟೇಪು ಬಿಚ್ಚಿಕೊಂಡು ಸಾಹೇಬರ ತಲೆಗೆ ಸುತ್ತುತ್ತಿದ್ದ. ಅಜ್ಜ ಅಂಟಿನ ಡಬ್ಬಿಯಲ್ಲಿ ಎಷ್ಟು ಉಳಿದಿದೆಯೆಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಕ್ಷೌರದವನು ಮಾತ್ರ ಸ್ವಲ್ಪ ದೂರ ನಿಂತು, ಒಂದು ಕಣ್ಣು ಮುಚ್ಚಿ, ಸಾಹೇಬರ ದಟ್ಟ ಕೂದಲನ್ನು ಎಡದಿಂದ ಬಲಕ್ಕೆ ಅಳೆದ.

ಬಾಗಿಲ ತನಕ ಹೋದ ಸಾಹೇಬರು ಏನೋ ನೆನಪಾಗಿ ತಿರುಗಿದರು.

"ಬರೆಯೋವಾಗ ಎರಡು ಬೆರಳು ಮಾರ್ಜಿನ್ ಇರ್ಲಿ ಕಣ್ರೀ."